‘ತಾರ್ದೇ’ ನನಗೆ ಒಲಿದಿದ್ದು ಕನ್ನಡದಿಂದ

ಫ್ರೆಂಚನ್ನು ಇಂಗ್ಲಿಷ್ ಮೂಲಕವೇ ಕಲಿಯಬೇಕು, ಕನ್ನಡ ಹಿಡಿದು ಹೋದರೆ ದಾರಿ ತಪ್ಪುತ್ತೀಯ ಅಂತ ಫ್ರಾನ್ಸಿನ ತುಲೂಸ್ ಊರಿನ ಗೆಳೆಯರೆಲ್ಲ ಹೇಳಿದ್ದರು. ಆದರೆ ‘ತಾರ್ದೇ’ (tarder) ಅನ್ನುವ ಫ್ರೆಂಚ್ ಕ್ರಿಯಾಪದದ ವಿಷಯದಲ್ಲಿ ಗೆದ್ದಿದ್ದು ಕನ್ನಡವೇ.

ಮೊದಲು ಸೋತಿದ್ದು ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಕ್ಲಾಸಿಗೆ ಸುಮಾರು 20 ಸಾವಿರ ರೂಪಾಯಿ, ಇಲ್ಲಿಗೆ ಬಂದ ಮೇಲೆ ಗಂಟೆಗೆ 25 ಯೂರೋದಂತೆ ಏಳೆಂಟು ಪಾಠ. ಎಲ್ಲ ಕಡೆ ‘ತಾರ್ದೇ ಅಂದರೆ ಲೇಟಾಗುವುದು’ ಅಂತ ಒಂದೇ ಸಾಲು. ಅದನ್ನು ನಂಬಿ ಕೈ ಸುಟ್ಟುಕೊಂಡೆ. ಚಳಿಗಾಲದಲ್ಲಿ ಬಾಯ್ಲರ್ ಕೆಟ್ಟಿತ್ತು. ರಿಪೇರಿಯವರಿಗೆ ಫೋನ್ ಮಾಡಿದರೆ ‘ಇಲ್ ವಾ ಪಾ ತಾರ್ದೇ’ ಅಂದರು. ನನ್ನ ಕಿವಿಗೆ ಬಿದ್ದಿದ್ದು ತಾರ್ದೇ ಒಂದೇ. ಲೇಟಂತೆ ಅಂದುಕೊಂಡು ಸಂತೆಗೆ ಹೋದೆ. ವಾಪಸ್ ಬಂದರೆ ಬಾಗಿಲಿಗೆ ಚೀಟಿ ಸಿಕ್ಕಿಸಿದ್ದರು. ಎರಡನೇ ಸಲ ಬಂದಿದ್ದಕ್ಕೆ ಹತ್ತಿರ ಹತ್ತಿರ 60 ಯೂರೋ. ಅಲ್ಲಿದ್ದ ‘ಪಾ’ ಅಂದರೆ ‘ಇಲ್ಲ’; ಅವರು ಹೇಳಿದ್ದು ‘ತಡ ಮಾಡಲ್ಲ, ಇನ್ನೇನು ಬಂದುಬಿಡುತ್ತಾರೆ’ ಅಂತ!

ಆ ರಾತ್ರಿ ನೋಟ್‌ಬುಕ್‌ನಲ್ಲಿ ‘ತಡ ಆಯ್ತು’, ‘ತಡ ಮಾಡು’ ಅಂತ ಬರೆದು ಕೂತೆ. ಗಂಟು ಅಲ್ಲೇ ಬಿಚ್ಚಿಕೊಂಡಿತು. ನಮಗೆ ತಡ ಆಗಿದ್ದರೆ ‘ಜ ಸ್ವೀ ಆಂ ರತಾರ್’, ಅಲ್ಲಿ ತಾರ್ದೇ ಬರುವುದೇ ಇಲ್ಲ. ‘ಜ ಸ್ವೀ ತಾರ್’ ಅನ್ನುವವರು ಇವತ್ತೇ ಬಿಟ್ಟುಬಿಡಿ. ತಾರ್ದೇ ಅಂದರೆ ತಡ ಮಾಡುವುದು; ‘ಸಾಂ ತಾರ್ದೇ’ ನಮ್ಮ ‘ತಡ ಮಾಡದೆ’ಯೇ. ತಡಕ್ಕೂ ತಾರ್‌ಗೂ ನಂಟಿಲ್ಲ, ಅದು ಲ್ಯಾಟಿನ್ ಕಡೆಯದು, ಆದರೂ ನೆನಪಿಟ್ಟುಕೊಳ್ಳಲು ಸಾಕು.

ಊಟಕ್ಕೆ ಬಂದವರು ಕೋಟಿನ ಕಡೆ ನೋಡುತ್ತಾ ‘ಜ ವೆ ಪಾ ತಾರ್ದೇ’ ಅಂದರೆ ಇನ್ನೇನು ಹೊರಡುತ್ತೇನೆ ಅಂತ. ಬರುವವರಿಗೂ ಅದೇ ಮಾತು, ಹೊರಡುವವರಿಗೂ ಅದೇ. ಹೊರಡುವಾಗ ‘ಬರ್ತೀನಿ’ ಅನ್ನುವ ನಮಗೆ ಇದೇನು ಹೊಸದಲ್ಲ, ಅಲ್ವಾ?

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಪಕ್ಕದ ಮನೆಯ ಅಜ್ಜಿ ಮೊಮ್ಮಗಳು ಬರುವ ವಾರ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ‘ಇಲ್ ಮ ತಾರ್ದ್ ದ ಲಾ ವ್ವಾರ್’ ಅನ್ನುತ್ತಿದ್ದರು. ಅವಳನ್ನು ಯಾವಾಗ ನೋಡ್ತೀನೋ ಅನ್ನಿಸ್ತಿದೆ ನನಗೆ! ಇಂಗ್ಲಿಷ್ ಹಿಡಿದವರು ಇದರಲ್ಲಿ ‘ನಾನು’ ಎಲ್ಲಿ ಅಂತ ಹುಡುಕುತ್ತಾರೆ. ‘ನನಗೆ ಹಸಿವು’ ಅನ್ನುವ ನಮಗೆ ‘ಮ’ ಅಂದರೆ ‘ನನಗೆ’ ಅಂತ ಸುಮ್ನೆ ಹೊಳೆಯುತ್ತದೆ.

ನಡುವೆ ಒಂದು ಪ್ರಯೋಗ: ವಾಚನ್ನು 5 ನಿಮಿಷ ಹಿಂದಿಟ್ಟು, ನೋಡಿದಾಗಲೆಲ್ಲ ‘ಮಾ ಮೋಂತ್ರ್ ರತಾರ್ದ್’, ಅಂದರೆ ನನ್ನ ವಾಚು ಹಿಂದಿದೆ, ಅಂದುಕೊಂಡೆ. ವಾರದಲ್ಲಿ ಎರಡು ಬಸ್ ತಪ್ಪಿತು, ಪದ ಮಾತ್ರ ಕೂತಿತು. ಡೆಲ್ಫ್ ಬಿ1 ಅನ್ನುವ ಫ್ರೆಂಚ್ ಪರೀಕ್ಷೆಯ ಮಾತಿನ ಭಾಗದಲ್ಲಿ 25ಕ್ಕೆ 19ರ ಹತ್ತಿರ ಬಂತು, ನಮ್ಮ ಗುಂಪಿನಲ್ಲಿ ಅದೇ ಜಾಸ್ತಿ.

ಮೊನ್ನೆ ಬಾಯ್ಲರ್ ಮತ್ತೆ ಕೆಟ್ಟಿತು. ‘ಇಲ್ ವಾ ಪಾ ತಾರ್ದೇ’ ಅಂದರು. ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತೆ. ಹತ್ತು ಹನ್ನೆರಡು ನಿಮಿಷಕ್ಕೆ ಬೆಲ್ ಆಯ್ತು.