ಮರುವಾಯಿಯ ಮರಳು ಹೋಗಲು

ಮರುವಾಯಿ (ಚಿಪ್ಪುಮೀನು) ಸುಕ್ಕದಲ್ಲಿ, ಅಂದರೆ ಅದರ ಒಣ ಪಲ್ಯದಲ್ಲಿ, ಮರಳು ಹಲ್ಲಿಗೆ ಸಿಗಬಾರದು ಅಂದರೆ, ತಂದ ಚಿಪ್ಪನ್ನು ಬರೀ ಬಾವಿನೀರಲ್ಲಿ ನೆನೆಹಾಕಬೇಡಿ. ಲೀಟರಿಗೆ ಎರಡು ದೊಡ್ಡ ಚಮಚ ಕಲ್ಲುಪ್ಪು ಕರಗಿಸಿದ ನೀರಲ್ಲಿ ಎರಡು-ಮೂರು ಗಂಟೆ ಇಡಿ. ಅಳಿವೆಯ ಉಪ್ಪುನೀರಲ್ಲಿ ಬೆಳೆದ ಜೀವ ಅದು. ಸಿಹಿನೀರು ತಾಗಿದರೆ ಬಾಯಿ ಬಿಗಿದುಕೊಳ್ಳುತ್ತದೆ. ಉಪ್ಪುನೀರಾದರೆ ಚಿಪ್ಪು ಕೂದಲೆಳೆಯಷ್ಟು ತೆರೆದು, ಬೆಳ್ಳಗಿನ ಸಣ್ಣ ಕೊಳವೆ ಹೊರಚಾಚಿ, ನೀರು ಎಳೆದು ಬಿಡುತ್ತಾ ಒಳಗಿನ ಮರಳನ್ನೂ ಉಗುಳುತ್ತದೆ. ಪಾತ್ರೆ ಅಗಲದ್ದಿರಲಿ, ಒಳಗೊಂದು ತೂತಿನ ತಟ್ಟೆ ಇಟ್ಟು ಅದರ ಮೇಲೆ ಹರಡಿ. ಇಲ್ಲವಾದರೆ ಉಗುಳಿದ್ದನ್ನೇ ಮತ್ತೆ ಎಳೆದುಕೊಳ್ಳುತ್ತವೆ. ತೆಗೆಯುವಾಗಲೂ ಅಷ್ಟೇ, ಕೈಯಲ್ಲಿ ಎತ್ತಿ. ನೀರು ಬಗ್ಗಿಸಿದರೆ ತಳದ ಮರಳೆಲ್ಲ ಪುನಃ ಚಿಪ್ಪಿನ ಮೇಲೆಯೇ. ಜೀವ ಇದ್ದರೆ ಮಾತ್ರ ಈ ಉಪಾಯ ನಡೆಯುವುದು. ಫ್ರೀಜರಿನಲ್ಲಿಟ್ಟದ್ದಕ್ಕೆ, ಬಿಡಿಸಿದ ಮಾಂಸಕ್ಕೆ ಪ್ರಯೋಜನವಿಲ್ಲ. ರಾತ್ರಿಯಿಡೀ ಅದೇ ನೀರಲ್ಲಿ ಬಿಟ್ಟರೂ ಉಸಿರು ಸಾಲದೆ ಸಾಯುತ್ತವೆ. ತಟ್ಟಿದರೂ ಬಾಯಿ ಮುಚ್ಚದ್ದು, ಒಡೆದದ್ದು ಇದ್ದರೆ ದಯವಿಟ್ಟು ಎಸೆಯಿರಿ, ಹೊಟ್ಟೆ ಕೆಡುತ್ತದೆ. ಇನ್ನು ಕೆಸರು ತುಂಬಿ ಮುಚ್ಚಿಕೊಂಡ ಸತ್ತ ಚಿಪ್ಪು ಒಂದೇ ಒಂದಿದ್ದರೂ ಇಡೀ ಸುಕ್ಕ ಹಾಳು, ಕೈಗೆ ತುಸು ಭಾರ ಅನಿಸಿದ್ದನ್ನು ಬೇರೆ ಇಟ್ಟು ಬಿಡಿಸಿ ನೋಡಿ.