ಏಜಿಯನ್ ಸಮುದ್ರದ ಸಂಜೆಗಾಳಿಗೆ ನಾನು ಬಟ್ಟೆ ಹೊಂದಿಸಿದ ಬಗೆ

ದುಬೈನಲ್ಲಿ ನೆಲೆಸಿರುವ ನಮ್ಮಂಥವರಿಗೆ ಜುಲೈ ತಿಂಗಳ ಗಾಳಿ ಎಂದರೆ ಮುಖಕ್ಕೆ ರಾಚುವ ಬಿಸಿಯೇ ಹೊರತು ಹೊದೆಯುವ ಬಟ್ಟೆಯನ್ನು ನೆನಪಿಗೆ ತರುವ ಸಂಗತಿಯಲ್ಲ. ಹೀಗಿರುವಾಗ, ಮಕ್ಕಳ ಬೇಸಿಗೆ ರಜೆಯಲ್ಲಿ, ಮೈಸೂರಿನಿಂದ ಬಂದಿದ್ದ ಅತ್ತೆ ಮಾವನವರನ್ನೂ ಸೇರಿಸಿಕೊಂಡು ಗ್ರೀಸ್‌ನ ದ್ವೀಪಗಳ ಹಡಗು ಪ್ರವಾಸ ಮಾಡುವುದೆಂದು ನಿಶ್ಚಯವಾದಾಗ, ಆರು ಜನರ ಬಟ್ಟೆ ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ಅಥೆನ್ಸ್‌ಗೆ ಸೇರಿದ ಪಿರಿಯಸ್ ಬಂದರಿನಿಂದ ಹೊರಟು ಮಿಕೊನೋಸ್, ಟರ್ಕಿಯ ಕುಶಾದಾಸಿ, ಪಾಟ್ಮೋಸ್, ರೋಡ್ಸ್, ಕ್ರೀಟ್ ದ್ವೀಪದ ಹೆರಾಕ್ಲಿಯೊನ್, ಸ್ಯಾಂಟೊರಿನಿ ಇವಿಷ್ಟನ್ನು ಮುಟ್ಟಿ ಮತ್ತೆ ಪಿರಿಯಸ್‌ಗೆ ಮರಳುವ ದಾರಿ ಅದು. ಮಿಕೊನೋಸ್‌ನ ಹವಾಮಾನ ನೋಡಿದರೆ ಹಗಲು 28 ಡಿಗ್ರಿ, ರಾತ್ರಿ 23ರ ಆಸುಪಾಸು. ಜುಲೈ ರಾತ್ರಿ ಮೈಸೂರಿನಲ್ಲೇ 20ರ ಹತ್ತಿರ ಇಳಿಯುವುದರಿಂದ, "ನಮ್ಮೂರಿಗಿಂತ ಸೆಕೆಯೇ ಇದೆಯಲ್ಲಮ್ಮ, ಇದಕ್ಕೆ ಸ್ವೆಟರ್ ಯಾಕೆ?" ಎಂದು ಅತ್ತೆಯವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಹಡಗಿನ ಡೆಕ್ಕಿನ ಮೇಲೆ ಸಂಜೆ ಕಳೆಯುವವರು ಡಿಗ್ರಿಗಿಂತ ಮೊದಲು ಗಾಳಿಯನ್ನು, ಗಾಳಿಯ ಜೊತೆಗೆ ಹಡಗು ಯಾವ ದಿಕ್ಕಿಗೆ ಮುಖ ಮಾಡಿ ಓಡುತ್ತದೆ ಎಂಬುದನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಬಟ್ಟೆ ಆರಿಸಿದ್ದು ಆ ಲೆಕ್ಕದ ಮೇಲೆಯೇ.

ಗ್ರೀಸ್‌ಗೂ ಟರ್ಕಿಗೂ ನಡುವೆ ಇರುವ ಏಜಿಯನ್ ಸಮುದ್ರದ ಬೇಸಿಗೆಯ ಗಾಳಿಗೆ ಮೆಲ್ಟೆಮಿ ಎಂದು ಹೆಸರು. ಬಾಲ್ಕನ್ ಪ್ರದೇಶದ ಮೇಲೆ ವಾಯುಭಾರ ಹೆಚ್ಚಾಗಿ, ಟರ್ಕಿಯ ಬಹುಭಾಗವಾದ ಅನಟೋಲಿಯದ ಮೇಲೆ ಕಡಿಮೆಯಾಗಿ ಇರುವುದರಿಂದ, ಇವೆರಡರ ನಡುವೆ ಉತ್ತರದಿಂದ ದಕ್ಷಿಣಕ್ಕೆ ಈ ಗಾಳಿ ಹರಿಯುತ್ತದೆ; ಜುಲೈ ಮತ್ತು ಆಗಸ್ಟ್‌ನಲ್ಲಿ ಇದರ ಜೋರು ಹೆಚ್ಚು. ಅನಟೋಲಿಯದ ಆ ಕಡಿಮೆ ಒತ್ತಡವು ನಮ್ಮ ದೇಶದ ವಾಯವ್ಯದವರೆಗೆ ಹಬ್ಬಿರುವ ಮುಂಗಾರಿನ ಒತ್ತಡ ವ್ಯವಸ್ಥೆಯದೇ ಒಂದು ಚಾಚು. ಆಗುಂಬೆಯಲ್ಲಿ ಮಳೆ ಹೊಯ್ಯುವ ಕಾಲವೂ ಮಿಕೊನೋಸ್‌ನಲ್ಲಿ ಗಾಳಿ ಬೀಸುವ ಕಾಲವೂ ಒಂದೇ ಆಗಿರುವುದರಲ್ಲಿ ಆಶ್ಚರ್ಯವಿಲ್ಲ. ಬಟ್ಟೆಯ ದೃಷ್ಟಿಯಿಂದ ಮುಖ್ಯವಾದದ್ದು ಬೇರೆ: ಮೆಲ್ಟೆಮಿ ಒಣಗಾಳಿ. ಮೋಡವಿಲ್ಲದ ನೀಲಿ ಆಕಾಶದಲ್ಲೇ ಅದು ಬೀಸುವುದರಿಂದ, ಕ್ಯಾಬಿನ್ನಿನ ಕಿಟಕಿಯಿಂದ ನೋಡಿ ಹೊರಗೆ ಹೇಗಿದೆ ಎಂದು ಊಹಿಸಲಾಗುವುದಿಲ್ಲ. ಒಮ್ಮೆ ಹಿಡಿದರೆ ಕೆಲವು ದಿನ ಬಿಡುವುದೂ ಇಲ್ಲ. ಗ್ರೀಕರು ಗಾಳಿಯ ಬಲವನ್ನು ಬ್ಯೂಫೋರ್ಟ್ ಅಳತೆಯಲ್ಲಿ ಹೇಳುತ್ತಾರೆ; 5 ಎಂದರೆ ಗಂಟೆಗೆ 29ರಿಂದ 38 ಕಿಲೋಮೀಟರ್, 7 ಎಂದರೆ 50ರಿಂದ 61. ಈ ಎರಡರ ನಡುವಿನ ಸಂಖ್ಯೆಗಳು ಅಲ್ಲಿ ಬೇಸಿಗೆಯಲ್ಲಿ ಸಾಮಾನ್ಯ.

ಇದಕ್ಕೆ ಹಡಗಿನ ವೇಗವನ್ನು ಸೇರಿಸಬೇಕು. ಹಡಗು ಕಡಲಯಾನದ ಅಳತೆಯಲ್ಲಿ 18 ನಾಟ್ ವೇಗದಲ್ಲಿ ಸಾಗುತ್ತಿದ್ದರೆ, ಎಲೆ ಅಲ್ಲಾಡದ ದಿನವೂ ಮೇಲಿನ ಡೆಕ್ಕಿನಲ್ಲಿ ನಿಂತವರಿಗೆ ಗಂಟೆಗೆ 33 ಕಿಲೋಮೀಟರ್ ಗಾಳಿ ಬಡಿಯುತ್ತದೆ. ಅಷ್ಟು ವೇಗದಲ್ಲಿ ಸ್ಕೂಟರಿನ ಹಿಂದೆ ಕುಳಿತವರಿಗೆ ಸೆರಗು ಹಿಡಿದುಕೊಳ್ಳಬೇಕಾಗುವುದು ಗೊತ್ತಿರುವ ವಿಷಯವೇ. ಎದುರಿನಿಂದ 20 ನಾಟ್ ಗಾಳಿ ಬಂದರೆ ಎರಡೂ ಕೂಡುತ್ತವೆ. ಹಿಂದಿನಿಂದ ಬಂದರೆ ಒಂದನ್ನೊಂದು ಕಳೆದು ಡೆಕ್ಕು ಹೆಚ್ಚುಕಡಿಮೆ ನಿಶ್ಚಲವಾಗುತ್ತದೆ. ಹೀಗಾಗಿ ಒಂದೇ ಪ್ರವಾಸದ ಎರಡು ಸಂಜೆಗಳಿಗೆ ಬೇಕಾಗುವ ಬಟ್ಟೆ, ಹವಾಮಾನ ಒಂದೇ ಆಗಿದ್ದರೂ, ಬೇರೆ ಬೇರೆ.

ಹೊರಡುವ ಮೊದಲು ನಾನು ದಾರಿಯ ನಕ್ಷೆಯನ್ನು ಕಾಗದದ ಮೇಲೆ ಬರೆದುಕೊಂಡು, ಉತ್ತರದಿಂದ ಒಂದು ಬಾಣ ಎಳೆದು, ಪ್ರತಿ ಸಂಜೆಯ ಮುಂದೆ ಗಾಳಿ ಎಲ್ಲಿಂದ ಬರಬಹುದೆಂದು ಗುರುತು ಹಾಕಿದೆ. ಪಿರಿಯಸ್‌ನಿಂದ ಸೂನಿಯೊನ್ ಭೂಶಿರವನ್ನು ಬಳಸಿ ಪೂರ್ವಕ್ಕೆ ಮಿಕೊನೋಸ್ ಕಡೆ ಹೋಗುವಾಗ ಗಾಳಿ ಎಡಬದಿಯಿಂದ. ಪಾಟ್ಮೋಸ್‌ನಿಂದ ಆಗ್ನೇಯಕ್ಕೆ ರೋಡ್ಸ್ ಕಡೆ ಇಳಿಯುವಾಗ, ಆ ಭಾಗದಲ್ಲಿ ಗಾಳಿ ವಾಯವ್ಯಕ್ಕೆ ತಿರುಗಿರುವುದರಿಂದ, ಬೆನ್ನ ಹಿಂದಿನಿಂದ. ರೋಡ್ಸ್‌ನಿಂದ ಪಶ್ಚಿಮಕ್ಕೆ ಕ್ರೀಟ್ ಕಡೆ ಹೊರಟರೆ ಬಲಬದಿಯಿಂದ. ಕೊನೆಯ ರಾತ್ರಿ ಸ್ಯಾಂಟೊರಿನಿಯಿಂದ ಪಿರಿಯಸ್‌ಗೆ ವಾಯವ್ಯ ದಿಕ್ಕಿನಲ್ಲಿ ಮೇಲೇರುವಾಗ ಬಲ ಮುಂಭಾಗದಿಂದ. 20 ನಾಟ್ ಗಾಳಿಯೂ 18 ನಾಟ್ ಓಟವೂ ಆ ಕೋನದಲ್ಲಿ ಕೂಡಿದರೆ ಡೆಕ್ಕಿನ ಮೇಲೆ ಸುಮಾರು 35 ನಾಟ್, ಎಂದರೆ ಗಂಟೆಗೆ 65 ಕಿಲೋಮೀಟರಿನ ಗಾಳಿ. ಹೆಚ್ಚಿನ ಬಟ್ಟೆ ಬೇಕಾದದ್ದು ಕೊನೆಯ ರಾತ್ರಿಗೆ, ಅಲಂಕಾರದ ಬಟ್ಟೆಗೆ ಅನುಕೂಲವಾದದ್ದು ಪಾಟ್ಮೋಸ್ ಬಿಟ್ಟ ರಾತ್ರಿಗೆ ಎಂಬುದು ಮನೆಯಲ್ಲೇ ತೀರ್ಮಾನವಾಯಿತು. ಕುಟುಂಬದ ಫೋಟೋ ಡೆಕ್ಕಿನ ಮೇಲೆ ತೆಗೆಸಿಕೊಳ್ಳುವ ಆಸೆ ಇದ್ದವರು ಇಷ್ಟನ್ನು ನೋಡಿಕೊಂಡರೂ ಸಾಕು.

ಇಂಥ ಗಾಳಿಗೆ ದಪ್ಪ ಉಣ್ಣೆಯ ಸ್ವೆಟರ್ ತಕ್ಕ ಬಟ್ಟೆಯಲ್ಲ. ಹೆಣೆದ ಬಟ್ಟೆಯ ಕಣ್ಣುಗಳ ಮೂಲಕ ಗಾಳಿ ಸಲೀಸಾಗಿ ನುಗ್ಗಿ, ಒಳಗೆ ಮೈಯ ಸುತ್ತ ಬೆಚ್ಚಗೆ ನಿಂತಿದ್ದ ಗಾಳಿಯನ್ನು ಹೊರಗೆ ಹಾಕುತ್ತದೆ. ಅದೇ ಸ್ವೆಟರ್ ಹಡಗಿನ ಒಳಗೆ ಬಂದ ಕೂಡಲೇ ಹೊರೆಯಾಗುತ್ತದೆ. ಆದ್ದರಿಂದ ಪ್ರತಿಯೊಬ್ಬರಿಗೂ ತುಂಬುತೋಳಿನ ಒಂದು ತೆಳು ಹತ್ತಿ ಅಂಗಿ, ಅದರ ಮೇಲೆ ಒತ್ತಾಗಿ ನೇಯ್ದ ನೈಲಾನಿನ ಹಗುರ ವಿಂಡ್‌ಚೀಟರ್ ಎಂದು ಇಟ್ಟುಕೊಂಡೆ. ಕೈಗಳ ತುದಿಯಲ್ಲೂ ಸೊಂಟದಲ್ಲೂ ಎಲಾಸ್ಟಿಕ್ ಇರುವ, ಕುತ್ತಿಗೆಯವರೆಗೆ ಜಿಪ್ ಏರುವ, ಮಡಚಿದರೆ ತನ್ನದೇ ಜೇಬಿನೊಳಗೆ ಸೇರಿಕೊಳ್ಳುವ ಬಗೆಯದನ್ನೇ ಹುಡುಕಿ ಕೊಂಡೆ. ಇದಕ್ಕೆ ಟೋಪಿ ಇರಬೇಕು, ಟೋಪಿಗೆ ಎಳೆದು ಕಟ್ಟುವ ದಾರ ಇರಬೇಕು. ದಾರವಿಲ್ಲದ ಟೋಪಿ ಬೆನ್ನ ಮೇಲೆ ಪಟಪಟನೆ ಬಡಿಯುತ್ತದೆಯೇ ಹೊರತು ತಲೆಯ ಮೇಲೆ ನಿಲ್ಲುವುದಿಲ್ಲ. ಊಟದ ಕೋಣೆ, ಸಭಾಂಗಣಗಳಲ್ಲಿ ಹವಾನಿಯಂತ್ರಣದ ತಂಪು ಇರುವುದರಿಂದ ಒಂದು ಶಾಲು ಎರಡೂ ಕಡೆ ಕೆಲಸಕ್ಕೆ ಬರುತ್ತದೆ, ಆದರೆ ಹೊರಗೆ ಶಾಲನ್ನು ವಿಂಡ್‌ಚೀಟರಿನ ಒಳಗೆ ಹೊದೆಯಬೇಕು, ಮೇಲೆ ಅಲ್ಲ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾಗಿ ಬಂದದ್ದು ಅತ್ತೆಯವರ ಸೀರೆಗಳ ಬಗ್ಗೆ. ಅವರು ದಿನವೂ ಸೀರೆಯನ್ನೇ ಉಡುವವರು; ಪ್ರವಾಸಕ್ಕೆಂದು ಚೂಡಿದಾರ ಹಾಕಿಕೊಳ್ಳಿ ಎಂದು ಹೇಳುವುದು ನನಗೆ ಸರಿಯೆನಿಸಲಿಲ್ಲ, ಅಗತ್ಯವೂ ಇರಲಿಲ್ಲ. ಹಜಾರದಲ್ಲಿ ನಿಲುವು ಫ್ಯಾನನ್ನು ಪೂರ್ತಿ ವೇಗದಲ್ಲಿಟ್ಟು, ಅವರು ತಂದಿದ್ದ ಸೀರೆಗಳನ್ನು ಒಂದೊಂದಾಗಿ ಉಟ್ಟು ಎದುರು ನಿಂತು ನೋಡಿದೆವು. ಜಾರ್ಜೆಟ್ ಸೀರೆಯ ನೆರಿಗೆ ಮೊದಲ ಬೀಸಿಗೇ ಮೊಣಕಾಲಿನವರೆಗೆ ಎದ್ದಿತು. ಗಂಜಿ ಹಾಕಿದ ಹತ್ತಿ ಸೀರೆ ಗಾಳಿ ತುಂಬಿಕೊಂಡು ಉಬ್ಬಿ ನಿಂತಿತು. ಎಳೆದು ಕಟ್ಟಿದರೂ ಸೆರಗು ಭುಜದಿಂದ ಹಲಗೆಯ ಹಾಗೆ ಹೊರಚಾಚಿತು. ಗಂಜಿಯಿಲ್ಲದ, ಹಲವು ಸಲ ಒಗೆದು ಮೆತ್ತಗಾದ ಕೈಮಗ್ಗದ ಹತ್ತಿ ಸೀರೆ ಇವೆರಡಕ್ಕಿಂತ ಎಷ್ಟೋ ಮೇಲು. ಎಲ್ಲಕ್ಕಿಂತ ಚೆನ್ನಾಗಿ ನಿಂತದ್ದು ಮೈಸೂರಿನ ಕ್ರೇಪ್ ರೇಷ್ಮೆ: ಅದರ ಹುರಿ ಹಾಕಿದ ನೂಲಿನ ತೂಕದಿಂದ ನೆರಿಗೆ ನೆಟ್ಟಗೆ ಇಳಿಬಿದ್ದು ಕಾಲಿಗೆ ಅಂಟಿಕೊಂಡೇ ಇರುತ್ತದೆ. ಆದರೆ ಉಪ್ಪಿನ ತೇವ ರೇಷ್ಮೆಗೆ ಒಳ್ಳೆಯದಲ್ಲವಾದ್ದರಿಂದ ಅದನ್ನು ಪಾಟ್ಮೋಸ್ ಬಿಟ್ಟ ರಾತ್ರಿಯ ಊಟಕ್ಕೆ ಮಾತ್ರ ಮೀಸಲಿಟ್ಟು, ಉಳಿದ ಸಂಜೆಗಳಿಗೆ ಮೆತ್ತನೆಯ ಹತ್ತಿ ಸೀರೆಗಳನ್ನೇ ಆರಿಸಿದೆವು.

ಉಡುವ ಬಗೆಯಲ್ಲೂ ಸ್ವಲ್ಪ ಬದಲಾವಣೆ ಬೇಕಾಯಿತು. ಫಾಲ್ಸ್ ಹೊಲಿಸದ ಸೀರೆಗಳಿಗೆ ಹೊರಡುವ ಮೊದಲೇ ಫಾಲ್ಸ್ ಹಚ್ಚಿಸಿದೆ; ಅಂಚಿಗೆ ಬರುವ ಆ ಎರಡನೆಯ ಪದರದ ತೂಕವೇ ಗಾಳಿಯಲ್ಲಿ ದೊಡ್ಡ ಸಹಾಯ. ನೆರಿಗೆಗಳನ್ನು ಸೊಂಟದ ಹತ್ತಿರ ಒಂದು ಕಡೆ, ಮೊಣಕಾಲಿಗಿಂತ ಸ್ವಲ್ಪ ಮೇಲೆ ಒಳಭಾಗದಿಂದ ಇನ್ನೊಂದು ಕಡೆ, ಹೀಗೆ ಎರಡು ಕಡೆ ಪಿನ್ನು ಹಾಕಿದರೆ ನಡೆಯಲು ತೊಡಕಾಗದೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವುದು ನಿಲ್ಲುತ್ತದೆ. ಒಳಲಂಗದ ಕೆಳಗೆ ಕಾಲುಚೀಲದವರೆಗೆ ಬರುವ ಹತ್ತಿಯ ಲೆಗ್ಗಿಂಗ್ಸ್ ಹಾಕಿಕೊಳ್ಳಲು ಅವರು ಮೊದಲು ಒಪ್ಪಲಿಲ್ಲ. ಹಾಕಿಕೊಂಡ ಮೇಲೆ ಮನೆಗೆ ಬಂದರೂ ಬಿಡಲಿಲ್ಲ. ಸೆರಗನ್ನು ಭುಜದಲ್ಲಿ ಪಿನ್ನು ಮಾಡಿ, ಹಿಂದಿನಿಂದ ಬಲಕ್ಕೆ ಸುತ್ತಿ ತಂದು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ವಿಂಡ್‌ಚೀಟರಿನ ಜಿಪ್ ಎಳೆದರೆ ಹಾರಬಲ್ಲ ಬಟ್ಟೆ ಯಾವುದೂ ಉಳಿಯುವುದಿಲ್ಲ. ಸೀರೆಯ ಮೇಲೆ ಹಾಕುವ ವಿಂಡ್‌ಚೀಟರನ್ನು ಒಂದು ಅಳತೆ ದೊಡ್ಡದನ್ನೇ ಕೊಳ್ಳಬೇಕು, ಇಲ್ಲದಿದ್ದರೆ ಸೊಂಟದ ನೆರಿಗೆಯ ಮೇಲೆ ಅದು ಇಳಿಯುವುದಿಲ್ಲ.

ಮಾವನವರದು ಸರಳ. ಸಂಜೆಯಾದರೆ ಪಂಚೆ ಉಟ್ಟು ಕೂರುವ ಅಭ್ಯಾಸವನ್ನು ಕ್ಯಾಬಿನ್ನಿಗೆ ಸೀಮಿತಗೊಳಿಸಿ, ಹೊರಗೆ ಪ್ಯಾಂಟು, ತುಂಬುತೋಳಿನ ಅಂಗಿ, ವಿಂಡ್‌ಚೀಟರ್ ಎಂದು ಒಪ್ಪಿದರು. ಮೈಸೂರಿನಿಂದ ಅವರು ತಂದಿದ್ದ ಮಂಕಿ ಕ್ಯಾಪ್ ನೋಡಿ ಮಕ್ಕಳು ನಕ್ಕರೂ, ಕಿವಿ, ಹಣೆ, ಗಂಟಲು ಮೂರನ್ನೂ ಮುಚ್ಚಿ ಗಾಳಿಗೆ ಹಾರದೆ ನಿಲ್ಲುವ ಟೋಪಿ ಅದೊಂದೇ ಎಂಬುದನ್ನು ನಾನು ಗಂಭೀರವಾಗಿಯೇ ಹೇಳುತ್ತೇನೆ.

ಮಕ್ಕಳ ವಿಷಯದಲ್ಲಿ ತೊಂದರೆ ಕೊಡುವುದು ಗಾಳಿಗಿಂತ ಒದ್ದೆ ಬಟ್ಟೆ. ಸಂಜೆಯವರೆಗೆ ಈಜುಕೊಳದಲ್ಲಿ ಆಡಿ ಮೇಲೆ ಬಂದ ಮಗುವಿನ ಮೈಯಿಂದ ಒಣಗಾಳಿ ನೀರನ್ನು ಬೇಗ ಆರಿಸುತ್ತದೆ, ಆರುವ ನೀರು ಮೈಯ ಶಾಖವನ್ನೂ ಕೊಂಡೊಯ್ಯುತ್ತದೆ. 25 ಡಿಗ್ರಿಯಲ್ಲೂ ಹಲ್ಲು ಕಟಕಟನೆ ಕಡಿಯುವುದು ಇದರಿಂದಲೇ. ಅದಕ್ಕೆಂದು ತಲೆಯಿಂದ ಹಾಕಿಕೊಳ್ಳುವ, ಟೋಪಿಯಿರುವ ಟವೆಲ್ ನಿಲುವಂಗಿ ತಲಾ ಒಂದು ಒಯ್ದೆ. ಅದನ್ನು ಹಾಕಿ, ಒಳಗಿನಿಂದಲೇ ಒದ್ದೆ ಬಟ್ಟೆ ತೆಗೆಸಿ, ಒಣ ಚಡ್ಡಿ ಅಂಗಿ ತೊಡಿಸಿದ ಮೇಲೆ ಕ್ಯಾಬಿನ್ನಿನವರೆಗೆ ಲಿಫ್ಟಿನ ತಂಪಿನಲ್ಲಿ ನಡೆಸಬಹುದು. ಈಜುಡುಗೆ ಒಬ್ಬೊಬ್ಬರಿಗೆ ಎರಡು ಜೊತೆ ಇರಲಿ. ಒಂದು ಒಣಗುವಷ್ಟರಲ್ಲಿ ಇನ್ನೊಂದು ಬೇಕೇ ಬೇಕು. ಮಗಳ ಫ್ರಾಕುಗಳ ಕೆಳಗೆ ಸೈಕ್ಲಿಂಗ್ ಶಾರ್ಟ್ಸ್ ಇಟ್ಟೆ, ಕೂದಲನ್ನು ಎಣ್ಣೆ ಹಚ್ಚಿ ಜಡೆ ಹೆಣೆದೆ. ನನಗಾಗಿ ಪಲಾಜೊಗಳನ್ನು ಬಿಟ್ಟು ಚೂಡಿದಾರಗಳನ್ನು ತೆಗೆದುಕೊಂಡೆ, ದುಪಟ್ಟಾ ಒಂದನ್ನೂ ಒಯ್ಯಲಿಲ್ಲ. ಕಾಲಿಗೆ ಎಲ್ಲರಿಗೂ ಹಿಂದೆ ಪಟ್ಟಿಯಿರುವ ರಬ್ಬರ್ ಅಡಿಯ ಸ್ಯಾಂಡಲ್; ಸಂಜೆ ತೇವಗೊಂಡ ಡೆಕ್ಕಿನ ಹಲಗೆಯ ಮೇಲೆ ಬರಿಯ ಹವಾಯಿ ಚಪ್ಪಲಿ ಜಾರುತ್ತದೆ.

ದ್ವೀಪಗಳಲ್ಲಿ ಇಳಿದು ಕಳೆಯುವ ಸಂಜೆಗಳಲ್ಲಿ ಸ್ಯಾಂಟೊರಿನಿಯದನ್ನು ಬೇರೆಯಾಗಿಯೇ ಯೋಚಿಸಬೇಕು. ಅಲ್ಲಿ ಜ್ವಾಲಾಮುಖಿಯ ಕುಳಿಯ ನೀರು ಬಹಳ ಆಳವಾದ್ದರಿಂದ ಹಡಗು ದಡಕ್ಕೆ ಬರುವುದಿಲ್ಲ, ಸಣ್ಣ ದೋಣಿಗಳು ಜನರನ್ನು ದಡ ಮುಟ್ಟಿಸುತ್ತವೆ. ಹಳೆಯ ಬಂದರಿನಿಂದ ಫಿರಾ ಊರು ಇನ್ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಳಿಯಲು ಕೇಬಲ್ ಕಾರು ಇಲ್ಲವೆ 580ಕ್ಕೂ ಹೆಚ್ಚಿನ ಮೆಟ್ಟಿಲು. ಸೂರ್ಯಾಸ್ತ ನೋಡಲು ಕಮರಿಯ ಅಂಚಿನಲ್ಲಿ ನಿಂತಾಗ ಗಾಳಿ, ಕೇಬಲ್ ಕಾರಿನ ಸಾಲಿನಲ್ಲಿ ಕಾಯುವಾಗ ಗಾಳಿ, ಕೊನೆಗೆ ದೋಣಿಯಲ್ಲಿ ಗಾಳಿಯ ಜೊತೆಗೆ ನೀರಿನ ತುಂತುರು. ಮಧ್ಯಾಹ್ನದ ಬಿಸಿಲಿನಲ್ಲಿ ಹಡಗಿನಿಂದ ಇಳಿಯುವಾಗ ಬೇಡವೆನಿಸಿದರೂ ಆರೂ ಜನರ ವಿಂಡ್‌ಚೀಟರುಗಳನ್ನು ಒಂದೇ ಚೀಲದಲ್ಲಿ ತುಂಬಿ ಯಜಮಾನರ ಬೆನ್ನಿಗೆ ಏರಿಸಿದ್ದೆ.

ಕ್ಯಾಬಿನ್ನಿನ ಒಳಗಿನ ಸಂಗತಿ ಎರಡು ಮಾತಿನಲ್ಲಿ ಹೇಳಬಹುದು. ಬೆಂಕಿಯ ಭಯದಿಂದ ಹಡಗುಗಳಲ್ಲಿ ಸ್ವಂತ ಇಸ್ತ್ರಿ ಪೆಟ್ಟಿಗೆ ಬಳಸಲು ಸಾಮಾನ್ಯವಾಗಿ ಬಿಡುವುದಿಲ್ಲ, ಹೀಗಾಗಿ ಸುಕ್ಕಾಗುವ ಸೀರೆಗಳನ್ನು ಮಡಚದೆ ಸುರುಳಿ ಸುತ್ತಿ ಒಯ್ದೆ. ಗೋಡೆಗಳು ಉಕ್ಕಿನವಾದ್ದರಿಂದ ಅಯಸ್ಕಾಂತದ ಕೊಕ್ಕೆಗಳು ಗಟ್ಟಿಯಾಗಿ ಹಿಡಿಯುತ್ತವೆ. ತೇವಗೊಂಡ ವಿಂಡ್‌ಚೀಟರುಗಳು ರಾತ್ರಿ ಅಲ್ಲೇ ಆರುತ್ತಿದ್ದವು. ಬಾಲ್ಕನಿಯ ಕಂಬಿಯ ಮೇಲೆ ಏನನ್ನೂ ಹರವಬಾರದು, ಬೆಳಿಗ್ಗೆ ಅದು ಅಲ್ಲಿರುವುದಿಲ್ಲ.

ಸಾಮಾನು ಹಂಚುವುದರಲ್ಲಿ ಮಾತ್ರ ಮೊದಲ ಸಂಜೆಗೂ ಕೊನೆಯ ಸಂಜೆಗೂ ವಿಶೇಷ ಗಮನ ಬೇಕು. ಬಂದರಿನಲ್ಲಿ ಒಪ್ಪಿಸಿದ ಸೂಟ್‌ಕೇಸುಗಳು ಕ್ಯಾಬಿನ್ನಿಗೆ ಬರುವುದು ಕೆಲವು ಗಂಟೆಗಳ ನಂತರ. ಅಷ್ಟರಲ್ಲಿ ಹಡಗು ಹೊರಟು ಎಲ್ಲರೂ ಡೆಕ್ಕಿನ ಮೇಲೆ ನೆರೆದಿರುತ್ತಾರೆ. ಇಳಿಯುವ ಹಿಂದಿನ ರಾತ್ರಿ ಸೂಟ್‌ಕೇಸುಗಳನ್ನು ಮಲಗುವ ಮೊದಲೇ ಕ್ಯಾಬಿನ್ನಿನ ಹೊರಗೆ ಇಡಬೇಕು. ನಮ್ಮ ದಾರಿಯಲ್ಲಿ ಗಾಳಿ ಅತಿ ಜೋರಾಗುವುದು ಅದೇ ರಾತ್ರಿ. ಆದ್ದರಿಂದ ವಿಂಡ್‌ಚೀಟರು, ಶಾಲು, ಮಂಕಿ ಕ್ಯಾಪ್, ಪಿನ್ನಿನ ಡಬ್ಬಿ ಇವು ಯಾವಾಗಲೂ ಕೈಚೀಲದಲ್ಲೇ ಇರಬೇಕೆಂದು ಮೊದಲೇ ಗೊತ್ತುಮಾಡಿದ್ದೆ. ಸ್ಯಾಂಟೊರಿನಿಯ ದೀಪಗಳು ಹಿಂದೆ ಸರಿಯುವಾಗ ಬಲಬದಿಯಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ನಾವು ಹಡಗಿನ ಹಿಂಭಾಗಕ್ಕೆ ನಡೆದು, ಎಡಬದಿಯಲ್ಲಿ ಗೋಡೆಯ ಮರೆಯಿದ್ದ ಬೆಂಚಿನ ಮೇಲೆ ಕುಳಿತೆವು. "ಇಲ್ಲಿ ಗಾಳಿಯೇ ಇಲ್ಲವಲ್ಲಮ್ಮ" ಎಂದು ಅತ್ತೆಯವರು ಜಿಪ್ಪನ್ನು ಅರ್ಧ ಇಳಿಸಿಕೊಂಡರು. ಮಾವನವರು ಮಂಕಿ ಕ್ಯಾಪ್ ತೆಗೆಯಲಿಲ್ಲ.