ಮಳೆಗೆ ಮುಂಚೆ ಶಾಲೆಯ ಅಂಗಳ ಒಮ್ಮೆ ನೋಡಿ

ನಾನು ವಿಜ್ಞಾನ ಮೇಷ್ಟ್ರು. ಮಳೆನೀರು ಕೊಳೆಯಾಗದಂತೆ ನೋಡಿಕೊಳ್ಳುವ ಪಾಠದ ಮೊದಲ ದಿನ ಮಕ್ಕಳ ಕೈಗೆ ಕೊಡೆ ಕೊಟ್ಟು ಮಳೆನೀರಿನ ಹಿಂದೆ ಕಳಿಸುತ್ತೇನೆ. ಚಾವಣಿಯಿಂದ ಅಂಗಳ, ಅಂಗಳದಿಂದ ಚರಂಡಿ. ಮಳೆನೀರಿನ ಚರಂಡಿ ಸಾಮಾನ್ಯವಾಗಿ ಶುದ್ಧೀಕರಣ ಘಟಕಕ್ಕೆ ಹೋಗುವುದಿಲ್ಲ, ನೇರ ಕೆರೆಗೋ ಹೊಳೆಗೋ ಸೇರುತ್ತದೆ. ಇದು ತಲೆಗೆ ಹೋದರೆ ಅರ್ಧ ಕೆಲಸ ಆದಂತೆ.

ಅಂಗಳವನ್ನು ಪೈಪ್ ಹಿಡಿದು ತೊಳೆಯಬೇಡಿ, ಗುಡಿಸಿ. ಉದುರಿದ ಎಲೆಯಿಂದ ಏನು ತೊಂದರೆ ಅನ್ನಿಸುತ್ತದೆ, ಅಲ್ವಾ? ಅದು ನೀರಿನಲ್ಲಿ ಕೊಳೆತರೆ ರಂಜಕ, ಸಾರಜನಕ ಸೇರಿ ಪಾಚಿ ಜಾಸ್ತಿಯಾಗುತ್ತದೆ. ಪಾಚಿ ಸತ್ತು ಕೊಳೆಯುವಾಗ ಆಮ್ಲಜನಕ ಕಡಿಮೆಯಾಗಿ ಮೀನುಗಳು ಸಾಯುತ್ತವೆ. ಎಲೆಗಳನ್ನು ಗೊಬ್ಬರದ ಗುಂಡಿಗೆ ಹಾಕಿ.

ಬಸ್ಸಿನಿಂದ ಎಣ್ಣೆ ಸೋರಿದರೆ ಮರಳು ಅಥವಾ ಮರದ ಹೊಟ್ಟು ಸುರಿಯಿರಿ. ಎಣ್ಣೆ ಹೀರಿದ ಮೇಲೆ ಗುಡಿಸಿ, ಬೇರೆ ಡಬ್ಬಿಯಲ್ಲಿಡಿ. ನೀರು ಮಾತ್ರ ಹಾಕಬೇಡಿ. ನಾನೊಮ್ಮೆ ಹಾಕಿ ಪೇಚಿಗೆ ಸಿಕ್ಕಿದ್ದೆ, ಅಂಗಳದ ತುಂಬ ಕಾಮನಬಿಲ್ಲು!

ಬಣ್ಣದ ಬ್ರಷ್ ಒಳಗಿನ ಸಿಂಕಿನಲ್ಲೇ ತೊಳೆಸಿ. ಕಸದ ಡಬ್ಬಿಗೆ ಮುಚ್ಚಳ ಇರಲಿ. ಚರಂಡಿ ಬಾಯಿಯ ಪಕ್ಕ ಮಕ್ಕಳ ಕೈಯಲ್ಲೇ ಒಂದು ಮೀನಿನ ಚಿತ್ರ ಬರೆಸಿ. ನಮ್ಮಲ್ಲಿ ಅದಾದ ಮೇಲೆ ಅಲ್ಲಿ ಯಾರೂ ಚಾಕ್ಲೇಟ್ ಕಾಗದ ಎಸೆದಿಲ್ಲ, ಒಬ್ಬ ಮೇಷ್ಟ್ರನ್ನು ಬಿಟ್ಟು.